ಮೊದಲು ವಾಪಸ್ ಇಟ್ಟದ್ದು

ತಾರೀಕು ಹನ್ನೊಂದು, ಗುರುವಾರ
ಆಫೀಸಿನ ಊಟದ ಕೋಣೆಯಿಂದ

ನನ್ನ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಕಾಗದ ಸೋಮವಾರವೇ ಬಂತು. ಮೂರು ದಿನ ಬ್ಯಾಗಿನಲ್ಲಿಟ್ಟುಕೊಂಡು ತಿರುಗಿದೆ. ಫೋನಿನಲ್ಲಿ ಕೇಳಿದರೆ ನಾನು ಏನಾದರೂ ನೆಪ ಹೇಳಿ ಜಾರಿಕೊಳ್ಳುತ್ತೇನೆ ಅಂತ ಗೊತ್ತಿದ್ದೇ ನೀನು ಬರೆದಿರಬೇಕು. ಪುಟ್ಟಿಯ ಹಾಲಿನ ಪುಡಿಯ ಡಬ್ಬಿಗೆ ಮತ್ತೆ ಬೆಲೆ ಏರಿದೆ, ನಿಮ್ಮ ಆಫೀಸಿಗೆ ಬಂದ ಹೆಂಗಸರಿಗೆ ಒಂದು ಚೀಲ ಸಾಮಾನು ಕೊಡುತ್ತಾರಂತಲ್ಲ, ಮುಂದಿನ ಮಂಗಳವಾರದ ಪಟ್ಟಿಗೆ ನನ್ನನ್ನೂ ಸೇರಿಸು ಅಂತ ಕೇಳಿದ್ದೀಯ. ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ, ಬರಬೇಡ. ಯಾಕೆ ಅಂತ ಹೇಳುವುದಕ್ಕೆ ಉಳಿದ ಹಾಳೆ ಬೇಕು.

ನನ್ನ ಕೆಲಸವೇನು ಅಂತ ನಿನಗೆ ಸರಿಯಾಗಿ ಹೇಳಿಯೇ ಇಲ್ಲ. ಸರ್ವೆ ಅಂದಿದ್ದೆ, ನೀನು ತಲೆಯಾಡಿಸಿದ್ದೆ. ನಮ್ಮ ಮೂರನೇ ಮಹಡಿಯಲ್ಲಿ ಒಂದು ನಕಲಿ ಅಂಗಡಿ ಇದೆ. ನಾಲ್ಕು ಸಾಲು ಕಪಾಟು. ಅಕ್ಕಿ, ಎಣ್ಣೆ, ಸೋಪು, ಚಹಾಪುಡಿ, ಹಾಲಿನ ಪುಡಿ, ಪ್ಯಾಡು, ಬಿಪಿ ಮಾತ್ರೆ, ಪೊಟ್ಟಣಗಳೆಲ್ಲ ನಿಜವಾದವೇ. ಒಂದು ಗೋಡೆಗೆ ದೊಡ್ಡ ಕನ್ನಡಿ. ಆಚೆ ಕೋಣೆಯಿಂದ ನೋಡಿದರೆ ಅದು ಗಾಜು, ನಾನು ಕೂರುವುದು ಅಲ್ಲಿ. ಬಂದ ಹೆಂಗಸಿನ ಕೈಗೆ ಅವಳ ಮನೆಯ ವಾರದ ಖರ್ಚಿಗೆ ತಕ್ಕಷ್ಟು ಪ್ಲಾಸ್ಟಿಕ್ ಬಿಲ್ಲೆ ಕೊಟ್ಟು, ಮನೆಗೆ ಬೇಕಾದ್ದು ತಗೊಳ್ಳಮ್ಮ ಅನ್ನುತ್ತಾರೆ. ಅವಳು ಬುಟ್ಟಿ ತುಂಬುತ್ತಾಳೆ. ಆಮೇಲೆ ಒಬ್ಬ ಬಂದು ಕಪಾಟಿನ ಬೆಲೆಚೀಟಿಗಳನ್ನು ಬದಲಾಯಿಸಿ ಹೋಗುತ್ತಾನೆ. ಬಿಲ್ಲೆ ಅಷ್ಟೇ, ಬೆಲೆ ಹೆಚ್ಚು. ಏನನ್ನಾದರೂ ವಾಪಸ್ ಇಡದೆ ಅವಳಿಗೆ ಗತಿಯಿಲ್ಲ. ಹೀಗೆ ಐದು ಸುತ್ತು. ಯಾವುದನ್ನು ಮೊದಲು ಬಿಟ್ಟಳು, ಯಾವುದನ್ನು ಕೊನೆಯವರೆಗೂ ಬಿಡಲಿಲ್ಲ, ಅದನ್ನು ಫಾರಂನಲ್ಲಿ ತುಂಬುವುದು ನನ್ನ ಕೆಲಸ.

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ. ನಮ್ಮವರು ಹಾಸಿಗೆಯನ್ನೇ ಗೇಣು ಗೇಣು ಕತ್ತರಿಸುತ್ತ, ಯಾವ ಕಾಲು ಮೊದಲು ಮಡಚುತ್ತಾಳೆ ಅಂತ ನೋಡುತ್ತಾರೆ.

ಗಾಜಿನ ಹಿಂದೆ ಎಷ್ಟೋ ದಿನ ನಮ್ಮ ಮ್ಯಾನೇಜರೂ ಬಂದು ಕೂರುತ್ತಾರೆ. ಬಾಯಿ ತೆರೆದರೆ ಶೇಕಡಾ ಲೆಕ್ಕವೇ, ಅದಕ್ಕೆ ನಾವು ಹುಡುಗಿಯರು ಇಟ್ಟ ಹೆಸರು ಶೇಕಡಾ ಸಾಹೇಬರು. ಕಿತ್ತಳೆ ಹಣ್ಣು ಸುಲಿದು ತಿನ್ನುತ್ತ ಪಂದ್ಯ ಕಟ್ಟುತ್ತಾರೆ. ಈಕೆ ಸೋಪು ಬಿಡ್ತಾಳೆ ನೋಡು, ಒಂದು ಟೀ ಪಂದ್ಯ ಅಂತ. ಬೀಜವನ್ನು ನನ್ನ ಮೇಜಿನ ಮೇಲೇ ಉಗುಳುತ್ತಾರೆ. ಒಬ್ಬಳು ಎರಡನೇ ಸುತ್ತಿನಲ್ಲೇ ಅಕ್ಕಿ ಕಡಿಮೆ ಮಾಡಿ ಕೂದಲಿಗೆ ಹಚ್ಚುವ ಬಣ್ಣ ಉಳಿಸಿಕೊಂಡಳು. ತಿನ್ನೋಕಿಲ್ಲ ಅಂತಾರೆ, ಶೋಕಿ ಮಾತ್ರ ಬಿಡಲ್ಲ ಅಂತ ಅವರು ಹೊಟ್ಟೆ ಕುಲುಕಿಸಿ ನಕ್ಕರು. ಆಕೆ ಒಂದು ಬಟ್ಟೆ ಅಂಗಡಿಯ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುವವಳು, ನರೆ ಕಂಡರೆ ಮಾರನೇ ದಿನ ಕೆಲಸವಿಲ್ಲ. ಅದನ್ನು ಬರೆಯುವುದಕ್ಕೆ ಫಾರಂನಲ್ಲಿ ಜಾಗವಿಲ್ಲ. ನನಗೆ ಹೇಸಿಗೆಯಾಯಿತು ಅಂತ ಬರೆದರೆ ನೀನು ನಂಬುತ್ತೀಯ. ಆದರೆ ನಾನೂ ಒಂದು ದಿನ ಪಂದ್ಯ ಕಟ್ಟಿದೆ, ಪ್ಯಾಡು ಬಿಡುತ್ತಾಳೆ ಅಂದೆ, ಗೆದ್ದೆ. ಆ ಟೀಯನ್ನೂ ಕುಡಿದೆ.

ಇನ್ನೊಂದು ಇದೆ. ವಾಪಸ್ ಇಟ್ಟ ಪ್ರತಿ ಸಾಮಾನಿಗೂ ಯಾಕೆ ಅಂತ ಕೇಳುತ್ತಾರೆ. ನೂರಕ್ಕೆ ತೊಂಬತ್ತು ಜನ ಹೇಳುವುದು ಒಂದೇ, ಮನೇಲಿದೆ. ಸೋಪು ಮನೇಲಿದೆ, ಮಾತ್ರೆ ಮನೇಲಿದೆ. ಶೇಕಡಾ ಸಾಹೇಬರು ಅದನ್ನು ಓದಿ ಖುಷಿಪಟ್ಟರು. ಜನ ಸಾಮಾನು ಕೂಡಿಟ್ಟಿದ್ದಾರೆ, ಬೆಲೆ ಇನ್ನೂ ತಡೆದುಕೊಳ್ಳುತ್ತಾರೆ ಅಂತ ವರದಿಯಲ್ಲಿ ಬರೆದರು. ಮನೇಲಿದೆ ಅಂದರೆ ಮನೆಯಲ್ಲಿಲ್ಲ, ಕೊಳ್ಳಲೂ ಆಗುವುದಿಲ್ಲ ಅಂತ ನಿನಗೆ ಗೊತ್ತು, ನನಗೆ ಗೊತ್ತು. ಅಪ್ಪ ತೀರಿಕೊಂಡ ವರ್ಷ ನನಗೆ ಚಪ್ಪಲಿ ಕೊಡಿಸಿ, ಅಂಗಡಿಯವನು ನಿಮಗೊಂದು ಜೊತೆ ಬೇಡ್ವಾಮ್ಮ ಅಂದಾಗ ನೀನು ಹೇಳಿದ್ದೂ ಅದೇ. ಮನೆಯಲ್ಲಿದ್ದದ್ದು ಉಂಗುಷ್ಟ ಕಿತ್ತ ಜೋಡು. ಇದನ್ನೆಲ್ಲ ಸಾಹೇಬರಿಗೆ ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನ ಫಾರಂ ತೆಗೆದುಕೊಂಡೆ.

ಈ ಆಟವೆಲ್ಲ ಯಾತಕ್ಕೆ ಅಂತ ಕೇಳುತ್ತೀಯ. ನಮ್ಮ ಫಾರಂ ನೋಡಿ ಕಂಪನಿಯವರು ಜನ ಸುಲಭವಾಗಿ ಬಿಡುವ ಸಾಮಾನಿಗೆ ರಿಯಾಯಿತಿ ಕೊಟ್ಟು ಕರೆಯುತ್ತಾರೆ. ಪ್ರಾಣ ಹೋದರೂ ಬಿಡದ ಸಾಮಾನಿಗೆ ಬೆಲೆ ಏರಿಸುತ್ತಾರೆ. ಉರಿಯುವ ಮನೆಯಲ್ಲಿ ಗಳ ಹಿರಿಯುವುದು ಅಂದರೆ ಇದೇ. ಪುಟ್ಟಿಯ ಡಬ್ಬಿಯ ಕಂಪನಿಯೂ ನಮ್ಮ ಗಿರಾಕಿ. ಮೂರು ತಿಂಗಳ ಹಿಂದೆ ಅವರ ಮುಂದೆ ಸಾಹೇಬರು ಮೂವತ್ತೆಂಟನೇ ಫಾರಂ ಎತ್ತಿ ಹಿಡಿದು ಓದಿದರು. ಈ ತಾಯಿ ಮೊದಲನೇ ಸುತ್ತಿನಲ್ಲೇ ತನ್ನ ಮಾತ್ರೆ ಬಿಟ್ಟಿದ್ದಾಳೆ, ಆಮೇಲೆ ಚಹಾ, ಆಮೇಲೆ ಪ್ಯಾಡು, ಆಮೇಲೆ ತನ್ನ ಪಾಲಿನ ಅಕ್ಕಿ; ಡಬ್ಬಿ ಮಾತ್ರ ಐದನೇ ಸುತ್ತಿನಲ್ಲೂ ಬುಟ್ಟಿಯಲ್ಲೇ ಇದೆ, ಬಂಗಾರದಂಥ ಫಾರಂ ಅಂದರು. ಬಂದಿದ್ದವರು ತಲೆದೂಗಿದರು. ಬಿಸ್ಕತ್ತಿನ ತಟ್ಟೆ ಒಂದು ಸುತ್ತು ಬಂತು. ನೀನು ಅಂಗಡಿಯಲ್ಲಿ ಓದಿ ಬೆಚ್ಚಿದ ಹೊಸ ಬೆಲೆ ಆ ಕೋಣೆಯಲ್ಲಿ ಹುಟ್ಟಿದ್ದು.

ಆ ಫಾರಂ ತುಂಬಿದ್ದಕ್ಕೆ ನನಗೆ ಬಡ್ತಿ ಕೊಟ್ಟರು. ತೆಗೆದುಕೊಂಡೆ. ಅವತ್ತೇ ಮುಖಕ್ಕೆ ಬಿಸಾಕಿ ಬರಬೇಕಿತ್ತು ಅಂತ ನೀನು ಅನ್ನಬಹುದು. ನಾನೂ ಅಂದುಕೊಂಡೆ. ಕೋಣೆಯ ಬಾಡಿಗೆ ನೆನೆದೆ, ಬಸ್ ಪಾಸು ನೆನೆದೆ, ಬೇರೆ ಕೆಲಸ ಹುಡುಕುವ ಆರು ತಿಂಗಳು ನೆನೆದೆ. ಎಲ್ಲವನ್ನೂ ಉಳಿಸಿಕೊಂಡು ನಾಚಿಕೆಯೊಂದನ್ನು ಬಿಟ್ಟೆ. ನನ್ನ ಮೇಲೆ ನನಗೇ ಅಸಹ್ಯ ಅಕ್ಕ, ಕನ್ನಡಿ ನೋಡಿ ತಲೆ ಬಾಚುವುದಕ್ಕೂ ಬೇಸರ.

ಆದ್ದರಿಂದ ನೀನು ಬರಬೇಡ. ನಿನ್ನ ಕೈ ಆ ಕಪಾಟಿನ ಮುಂದೆ ತಡವರಿಸುವುದನ್ನು ಗಾಜಿನಾಚೆಯಿಂದ ನೋಡುವಷ್ಟು ನಾನು ಇನ್ನೂ ಕೆಟ್ಟಿಲ್ಲ ಅಂತ ಅಂದುಕೊಳ್ಳುವುದಕ್ಕಾದರೂ ಬಿಡು. ಪ್ರತಿ ತಿಂಗಳು ಎರಡು ಡಬ್ಬಿ ನಾನೇ ಕಳಿಸುತ್ತೇನೆ. ಭಾವನಿಗೆ, ತಂಗಿಯ ಆಫೀಸಿನಲ್ಲಿ ಅಗ್ಗಕ್ಕೆ ಸಿಗುತ್ತದಂತೆ ಅಂತ ಹೇಳು, ಇಲ್ಲದಿದ್ದರೆ ಅವರು ಮುಖ ಗಂಟು ಹಾಕುತ್ತಾರೆ. ಪುಟ್ಟಿಗೆ ಬೇರೆ ಹಾಲು ಕೊಟ್ಟು ನೋಡುವ ಸಾಹಸ ಮಾಡಬೇಡ, ಹೋದ ಸಲದ ಆಸ್ಪತ್ರೆಯ ರಾದ್ಧಾಂತ ಸಾಕು. ಮಾತ್ರೆ ದಿನಾ ನುಂಗು.

ನಿನ್ನ ಕೈಯಲ್ಲಿ ಬೆಳೆದ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯವಾಗಲಿಲ್ಲ. ಆ ತಿಂಗಳು ನಲವತ್ತು ಹೆಂಗಸರು ಬರಬೇಕಿತ್ತು, ಒಬ್ಬಳು ಕಡಿಮೆ ಬಿದ್ದಳು. ಹಾಗಾದಾಗ ಒಂದು ಫಾರಂ ಕೂತಲ್ಲೇ ತುಂಬಿಬಿಡುವುದು ನಮ್ಮಲ್ಲಿ ಎಲ್ಲರೂ ಮಾಡುವ ಕಳ್ಳಾಟ. ಮೂವತ್ತೆಂಟನೆಯದು ಅಂಥದ್ದು. ನಿನ್ನ ಹೆಸರನ್ನೇ ಹಾಕಿದೆ, ನಿನ್ನ ವಯಸ್ಸು ಹಾಕಿದೆ, ಹೊಲಿಗೆ ಕೆಲಸ ಹಾಕಿದೆ, ನಿನ್ನ ಮನೆಯ ವಿಳಾಸ ಹಾಕಿದೆ. ಐದು ಸುತ್ತಿನಲ್ಲಿ ನೀನು ಏನೇನು ಬಿಡುತ್ತೀಯ ಅಂತ ಬರೆಯುವುದಕ್ಕೆ ನನಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಒಬ್ಬರು ಒಂದೇ ಸಲ ಬರಬಹುದು ಅನ್ನುವುದು ಇಲ್ಲಿನ ನಿಯಮ. ಮಂಗಳವಾರ ನೀನು ಬಂದರೆ ಬಾಗಿಲಲ್ಲಿ ಕೂತವಳು ಬಂದು ಹೋದವರ ಹೆಸರಿನ ಪುಸ್ತಕ ನೋಡಿ, ನೀವು ಆಗ್ಲೇ ಬಂದು ಹೋಗಿದೀರಲ್ಲ ಅಂತಾಳೆ.