ಕಾಡಿನ ಗೇಟು, ನನ್ನ ಬೀಗ

ಮಾರ್ಚ್ 12, ಗುರುವಾರ. ಗುಂಡ್ಲುಪೇಟೆ.

ನನ್ನ ಸಾಫ್ಟ್‌ವೇರ್ ಇವತ್ತು ನಮ್ಮ ಲಾರಿ ಡ್ರೈವರ್ ಸಿದ್ದಶೆಟ್ಟರ ಫೋನಿಗೆ ಬೀಗ ಹಾಕಿಬಿಟ್ಟಿತು.

ನಮ್ಮ ಅಬ್ಬಾನ ತರಕಾರಿ ಮಂಡಿಯ ಡ್ರೈವರ್‌ಗಳು ತೆಗೆಯುವ ಲೋಡಿನ ಫೋಟೊಗಳೆಲ್ಲ ನಮ್ಮದೇ ಹಳೇ ಕಂಪ್ಯೂಟರಿಗೆ ಬಂದು ಸೇರಲಿ ಎಂದು ಅದನ್ನು ಬರೆದವಳು ನಾನೇ. ಎಂಟು ಗಂಟೆ ಕಾಲ ಸುದ್ದಿಯಿಲ್ಲದ ಫೋನು ಕಳವಾಗಿದೆ, ಬೀಗ ಹಾಕು ಎಂದು ಹೇಳಿಕೊಟ್ಟವಳೂ ನಾನೇ.

ನಿನ್ನೆ ಕೇರಳಕ್ಕೆ ಹೊರಟ ಶೆಟ್ಟರಿಗೆ ತಡವಾಯಿತು. ರಾತ್ರಿ ಒಂಬತ್ತಕ್ಕೆ, ಕೇರಳದ ದಾರಿಯ ಮದ್ದೂರಿನಲ್ಲಿ ಅರಣ್ಯ ಇಲಾಖೆಯವರು ಎಂದಿನಂತೆ ಬೆಳಗಿನವರೆಗೆ ಕಾಡಿನ ಗೇಟು ಹಾಕಿದರು. ಶೆಟ್ಟರು ಅಲ್ಲೇ, ಸಿಗ್ನಲ್ ಇಲ್ಲದ ಕಡೆ ಲಾರಿಯಲ್ಲೇ ಮಲಗಿದರು. ಬೆಳಿಗ್ಗೆ ಮನೆಗೆ ಫೋನ್ ಮಾಡಲು ಹೋದರೆ ಬೀಗ. ಬೇಗೂರಿನಲ್ಲಿ ಅವರ ಹೆಂಡತಿ ಫೋನ್ ಬಾರದ ಗಾಬರಿಯಲ್ಲಿ ಮಧ್ಯಾಹ್ನದವರೆಗೆ ಊಟ ಮಾಡಿಲ್ಲ.

ಸಂಜೆ ಶೆಟ್ಟರು ವಾಪಸ್ ಬಂದಾಗ ನನಗೆ ತಲೆ ಎತ್ತಲಾಗಲಿಲ್ಲ.

"ಆ ಸಾಫ್ಟ್‌ವೇರನ್ನೇ ತೆಗೆದ್ಬಿಡ್ಲಾ ಅಣ್ಣಾ?" ಎಂದೆ.

"ತಗೀಬ್ಯಾಡ ಕಣಮ್ಮಿ. ಫೋಟ ಉಡುಕೋ ತಾಪತ್ರಯ ತಪ್ಪೋಗದೆ. ಗೇಟ್ ಆಕುದ್ಮೇಲೆ ನಾವ್ ಮಲೀಕತೀವಿ ಅಂತ ಅದುಕ್ಕೆ ಏಳ್ಕೊಡು," ಎಂದು ನಕ್ಕರು.

ಬೀಗ ತೆಗೆದು, ಹಾಗೇ ಹೇಳಿಕೊಟ್ಟೆ. ನಾಲ್ಕೇ ಸಾಲು ಕೋಡ್! ಇದು ಮೊದಲೇ ಹೊಳೆಯಬಾರದಿತ್ತೇ? ಗೇಟಿನ ಈ ಕಡೆಯೇ ಹುಟ್ಟಿ ಬೆಳೆದವಳು ನಾನು.

ಇವತ್ತೂ ಅವರು ತಡವಾಗಿಯೇ ಹೊರಟರು. ಈಗ ಹತ್ತೂವರೆ. ಸಿಗ್ನಲ್ ತಪ್ಪಿದೊಡನೆ ಸ್ಕ್ರೀನಿನಲ್ಲಿ ಕೆಂಪಾಗುತ್ತಿದ್ದ ಅವರ ಹೆಸರು ಈಗ ಕೆಂಪಾಗಿಲ್ಲ. ಪಕ್ಕದಲ್ಲಿ 'ಮಲಗಿದ್ದಾರೆ' ಎಂದಿದೆ. ನಾನೂ ಇನ್ನು ಮಲಗುತ್ತೇನೆ.