ಹ್ಯಾಂಡ್‌ಬ್ರೇಕ್ ಹಾಕದ ಕಾರು

ಐವರ್ನಾಡು

ವಿಮೆಯ ಸರ್ವೇಯರ್ ಅವರಿಗೆ ನಮಸ್ಕಾರ.

ಪುತ್ತೂರಿನ ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಆದದ್ದಕ್ಕೆ ತಪ್ಪು ನಮ್ಮದೇ ಎಂದು ಬರೆದುಕೊಳ್ಳಿ. ಅಡ್ಡವಾದರೆ ಯಾರಾದರೂ ದೂಡಿಕೊಳ್ಳಲಿ ಎಂದು ಅಪ್ಪ ಯಾವಾಗಲೂ ಹ್ಯಾಂಡ್‌ಬ್ರೇಕ್ ಹಾಕದೆ ಕಾರು ನಿಲ್ಲಿಸುತ್ತಾರೆ. ಆ ದಿನ ಅದು ಇಳಿಜಾರಿನಲ್ಲಿ ಉರುಳಿ ಇನ್ನೊಂದು ಕಾರಿನ ಬಾಗಿಲಿಗೆ ಗುದ್ದಿತು.

ಮೈಕಿನಲ್ಲಿ ನಮ್ಮ ಕಾರಿನ ನಂಬರು ಕೂಗಿದಾಗ, ಕಾಯಿಲೆಯಿಂದ ಮಲಗಿದ್ದ ಅಮ್ಮ ಹಿಡಿದುಕೊಂಡಿದ್ದ ಕೈ ಬಿಡಿಸಿಕೊಂಡು ಅಪ್ಪ, "ಈಗ ಬರ್ತೇನೆ, ಆಯ್ತಾ" ಎಂದು ವಾರ್ಡಿನಿಂದ ಕೆಳಗಿಳಿದರು. ಆ ಕಾರಿನವರು ತುಂಬಾ ಹೊತ್ತು ಜಗಳ ಮಾಡಿದರು. ಅಪ್ಪ ಮೇಲೆ ಬರುವಾಗ ಅಮ್ಮನ ಉಸಿರು ನಿಂತಿತ್ತು.

ಇನ್ನು ಅಪ್ಪನಿಗೆ ಫೋನು ಮಾಡಬೇಡಿ. ಹೇಳಿಕೆ ಕೊಡಲು ನಾನೇ ಬರುತ್ತೇನೆ. ತಪ್ಪು ಯಾರದೆಂದು ಕೇಳಿದವರಿಗೆಲ್ಲ ಅವರು ಹೇಳುವುದು ಒಂದೇ: "ನಾನು ಕೆಳಗೆ ಹೋಗ್ಲೇಬಾರ್ದಿತ್ತು."

ಕಾರಿನ ಮಾಲಕರ ಮಗಳು,
ಭವಿತಾ