ಏಳು ಗೆರೆಯ ಅಬ್ಬಾ

ಬೆಟಗೇರಿ
೧೯ ಜನವರಿ ೨೦೦೪

ಪ್ರೀತಿಯ ಮಗಳು ಫಿಜಾಗೆ,

ನಿನ್ನ ಅಬ್ಬಾನ ಸಲಾಮು. ಆರೋಗ್ಯವಾಗಿದ್ದೀಯಾ? ಹಮ್ಮಿಗಿಯ ಹೊಳೆಗಾಳಿಗೆ ನಿನ್ನ ನೆಗಡಿ ಹೆಚ್ಚಾಗಿಲ್ಲ ತಾನೆ? ಶಾಲೆಯ ಮಕ್ಕಳಿಗೆ ಚಿತ್ರ ಕಲಿಸುವ ಭರದಲ್ಲಿ ಊಟ ಮರೆಯಬೇಡ, ಮರೆಯುವವಳೇ ನೀನು. ರಂಜಾನ್ ಹಬ್ಬಕ್ಕೂ ನೀನು ಬರಲಿಲ್ಲ. ಪಕ್ಕದ ಮನೆಯ ಖಾತುನಬಿ ಶಾವಿಗೆ ಪಾಯಸ, ಅದೇ ಸುರಕುಂಬಾ, ಕಳಿಸಿದ್ದಳು, ಒಬ್ಬನೇ ಕುಡಿದೆ. ನಿಮ್ಮಮ್ಮ ತೀರಿಕೊಂಡ ಮೇಲೆ ನೀನಾದರೂ ಇದ್ದೆ. ಈಗ ಹೊಲಿಗೆ ಅಂಗಡಿ ಮುಚ್ಚಿ ಮನೆಗೆ ಬಂದರೆ ಬೆಳಗಿನವರೆಗೆ ನನ್ನ ಬಾಯಿಗೆ ಕೆಲಸವಿಲ್ಲ. ಬಹಳ ಬೇಸರವಾಗುತ್ತದೆ ಮಗಳೇ.

ನಮ್ಮ ಜಗಳ ನೆನಪಾಗದ ದಿನವಿಲ್ಲ. ಕಾಲೇಜಿನ ಪರೀಕ್ಷೆಗೆಂದು ನೀನು ಬರೆದಿಟ್ಟ ನನ್ನ ಚಿತ್ರವನ್ನು ರದ್ದಿ ಕಾಗದವೆಂದು ತಿಳಿದು ಕಾಲರಿನ ಅಳತೆಗೆ ಕತ್ತರಿಸಿಬಿಟ್ಟೆ. ಒಳ್ಳೆಯ ದಪ್ಪ ಹಾಳೆ, ಅದರ ಮೇಲೆ ಏಳೇ ಗೆರೆ. ಯಾವ ದರ್ಜಿಯಾದರೂ ಅದನ್ನೇ ಮಾಡುತ್ತಿದ್ದ. "ಅದು ನೀವ ಆಗಿದ್ರಿ ಅಬ್ಬಾ" ಎಂದು ನೀನು ಅತ್ತಾಗ ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಒಂದೇ ಕಣ್ಣು ಬರೆದಿದ್ದಕ್ಕೆ ರೇಗಿದೆ. "ನಾ ಏನ ಒಕ್ಕಣ್ಣ ಅದೀನೇನು? ಫೋಟೋದಾಗ ಇದ್ದಂಗ ಬರಿಯಾಕ ಬರಂಗಿಲ್ಲಂದ್ರ ಕಾಲೇಜ ಯಾಕ ಬೇಕಿತ್ತು?" ಅಂದೆ. "ಗೆರಿ ಕಡಿಮಿ ಇದ್ದಷ್ಟೂ ಮನಷ್ಯಾ ಹೆಚ್ಚ ಕಾಣಬೇಕ್ರಿ ಅಬ್ಬಾ" ಎಂದು ನೀನು ಹೇಳಿದ್ದು ನನ್ನ ಕಿವಿಗೆ ಹೋಗಲಿಲ್ಲ. ಮುಂದಿನ ವಾರವೇ ನೀನು ಹಮ್ಮಿಗಿಯ ನೌಕರಿ ಹಿಡಿದು ಹೊರಟುಹೋದೆ.

ಆ ತುಂಡುಗಳನ್ನು ಮೊನ್ನೆ ಹುಡುಕಿ ಜೋಡಿಸಿ ಅಂಗಡಿಯ ಗೋಡೆಗೆ ಅಂಟಿಸಿದೆ. ಕುಪ್ಪಸ ಒಯ್ಯಲು ಬಂದ ಹಳೆಯ ಗಿರಾಕಿ ಅಮೃತವ್ವ ಅದನ್ನೇ ನೋಡುತ್ತ ನಿಂತಳು. "ಸೂಜ್ಯಾಗ ದಾರ ಹಾಕೂ ಮುಂದ ನೀ ಹಿಂಗ ಕುತ್ತಿಗಿ ವಾರಿ ಮಾಡ್ತಿ ನೋಡು, ಅಲ್ಲಾಸಾಬ. ಎಡಗಣ್ಣ ಮಂಜ ಆಗೇತೇನು?" ಎಂದು ಕೇಳಿದಳು. ಎರಡು ವರ್ಷದಿಂದ ಆ ಕಣ್ಣು ಮಂಜೇ. ಗಿರಾಕಿಗಳು ಬಿಟ್ಟುಹೋಗುತ್ತಾರೆಂದು ಯಾರಿಗೂ ಹೇಳಿರಲಿಲ್ಲ, ನಿನಗೂ. ಕಿವಿಯಿಂದ ಭುಜಕ್ಕೆ ವಾರೆಯಾಗಿ ಇಳಿಸಿದ ಒಂದೇ ಗೆರೆಯಲ್ಲಿ ನೀನು ಅದನ್ನೆಲ್ಲ ಬರೆದಿದ್ದೆ. ಸೀಮೆಸುಣ್ಣದ ಗೆರೆಯೊಂದನ್ನು ನಂಬಿ ಮೂವತ್ತು ವರ್ಷ ಬಟ್ಟೆ ಕತ್ತರಿಸಿದವನು ನಾನು, ಮಗಳ ಗೆರೆಯನ್ನು ನಂಬಲಿಲ್ಲ. ತಪ್ಪು ನನ್ನದೇ ಫಿಜಾ, ಮನ್ನಿಸು.

ಹೊತ್ತು ಹೊತ್ತಿಗೆ ಉಣ್ಣು. ಅಲ್ಲಾಹನು ನಿನ್ನ ಕೈ ಬೆರಳುಗಳನ್ನು ಕಾಯಲಿ.

ನಿನ್ನ ಅಬ್ಬಾ,
ಅಲ್ಲಾಸಾಬ

ತಾ.ಕ.: ಇಪ್ಪತ್ತೊಂಬತ್ತನೇ ತಾರೀಖು, ಗುರುವಾರ, ಗದಗಿನ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್. ಜೊತೆಗೆ ಯಾರು ಇರುತ್ತಾರೆ ಎಂದು ನರ್ಸ್ ಕೇಳಿದಳು. ಬೇರೆ ಯಾರ ಹೆಸರೂ ಬಾಯಿಗೆ ಬರಲಿಲ್ಲ. ನಿನ್ನನ್ನು ಕೇಳದೆ ನಿನ್ನ ಹೆಸರು ಬರೆಸಿದ್ದೇನೆ.